ಕೇಳಿದ್ದೋ, ಹೇಳಿದ್ದೋ: ನವಜಾತ ಶಿಶುಗಳ ತೀವ್ರ ನಿಗಾ ಘಟಕ ಮತ್ತು ಸಮಾಜ ಸಂಶೋಧನೆಯ ಚರಿತ್ರೆ

ಅವಧಿಗೆ ಮುನ್ನವೇ ಹುಟ್ಟಿದ ಅಥವಾ ತೀವ್ರ ನ್ಯೂನತೆಗಳೊಡನೆ ಹುಟ್ಟಿದ ಶಿಶುವನ್ನು ಯಂತ್ರಗಳ ನೆರವಿನಿಂದ ಉಳಿಸಿಕೊಳ್ಳುವ ಪ್ರಯತ್ನವನ್ನು ಎಲ್ಲಿಯವರೆಗೆ ಮುಂದುವರಿಸಬೇಕು, ನಿಲ್ಲಿಸುವ ಮಾತನ್ನು ಯಾರು ಆಡಬೇಕು ಎಂಬ ಪ್ರಶ್ನೆಗೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಇದನ್ನು ಕುರಿತು ತತ್ತ್ವಶಾಸ್ತ್ರಜ್ಞರೂ ನ್ಯಾಯವಾದಿಗಳೂ ಧರ್ಮಶಾಸ್ತ್ರ ಬಲ್ಲವರೂ ಬರೆದಿರುವುದು ಹೇರಳವಾಗಿದೆ. ಅದಕ್ಕೆ ಹೋಲಿಸಿದರೆ, ಘಟಕದೊಳಗೇ ತಿಂಗಳುಗಟ್ಟಲೆ ನಿಂತು, ಅಲ್ಲಿ ಯಾರು ಯಾರಿಗೆ ಏನು ಹೇಳುತ್ತಾರೆ ಎಂಬುದನ್ನು ಬರೆದುಕೊಂಡ ಸಮಾಜ ಸಂಶೋಧಕರ ಬರವಣಿಗೆ ಪ್ರಮಾಣದಲ್ಲಿ ಚಿಕ್ಕದು. ಆದರೆ ಪ್ರಶ್ನೆಯ ಸ್ವರೂಪವನ್ನೇ ಬದಲಿಸಿದ್ದು ಈ ಚಿಕ್ಕ ಬರವಣಿಗೆ ಎಂದು ನನಗೆ ತೋರುತ್ತದೆ. ಅದರ ಚರಿತ್ರೆಯ ಕೆಲವು ಘಟ್ಟಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಡುಗನ್ನಡ ಕಾವ್ಯದ ಅಧ್ಯಯನದಲ್ಲಿ ಆಯುಷ್ಯದ ಹೆಚ್ಚಿನ ಭಾಗವನ್ನು ಕಳೆದವನಿಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವೇನು ಎಂದು ಓದುಗರು ಕೇಳಬಹುದು. ಅಧಿಕಾರವಿಲ್ಲ, ಒಂದು ಸಂದರ್ಭವಿದೆ. ಕೆಲವು ವರ್ಷಗಳ ಹಿಂದೆ ಹೈದರಾಬಾದಿನ ಒಂದು ಆಸ್ಪತ್ರೆಯಿಂದ ನಮಗೆ ದೂರವಾಣಿ ಕರೆ ಬಂದಿತು. ಕಟ್ಟಡದ ಕೆಲಸಕ್ಕೆಂದು ಯಾದಗಿರಿಯ ಕಡೆಯಿಂದ ಬಂದಿದ್ದ ದಂಪತಿಗಳಿಗೆ ಏಳನೆಯ ತಿಂಗಳಲ್ಲೇ ಹೆಣ್ಣುಮಗು ಹುಟ್ಟಿತ್ತು. ಮಗು ಒಂಬತ್ತು ದಿನಗಳಿಂದ ಉಸಿರಾಟದ ಯಂತ್ರದ ಮೇಲಿತ್ತು. ಮಿದುಳಿನಲ್ಲಿ ರಕ್ತಸ್ರಾವವಾಗಿರುವುದು ಸ್ಕ್ಯಾನಿನಲ್ಲಿ ಕಂಡಿತ್ತು. ತಂದೆಗೆ ಕೆಲಸದ ಸ್ಥಳಕ್ಕೆ ಸಾಕಾಗುವಷ್ಟು ತೆಲುಗು, ಹಿಂದಿ ಬರುತ್ತಿತ್ತೇ ಹೊರತು ವೈದ್ಯರ ಮಾತಿನ ಒಳಹೊಕ್ಕು ತಿಳಿಯುವಷ್ಟು ಬರುತ್ತಿರಲಿಲ್ಲ. ಕನ್ನಡ ಬಲ್ಲವರೊಬ್ಬರು ಬೇಕಾಗಿದ್ದರು, ನಾನು ಹೋದೆ. ತರುಣ ವೈದ್ಯೆಯೊಬ್ಬರು ಸಾವಧಾನವಾಗಿಯೇ ವಿವರಿಸಿದರು, ನಾನು ಕನ್ನಡದಲ್ಲಿ ಹೇಳಿದೆ. ಮಗು ಉಳಿಯಬಹುದು, ಉಳಿಯದಿರಬಹುದು; ಉಳಿದರೂ ನಡೆಯುವುದು, ಮಾತನಾಡುವುದು ಕಷ್ಟವಾಗಬಹುದು; ಯಂತ್ರವನ್ನು ಮುಂದುವರಿಸಬಹುದು, ಬೇಡವೆಂದರೆ ಮನೆಗೆ ಕರೆದೊಯ್ಯಬಹುದು. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಆ ತಂದೆ ನನ್ನತ್ತ ತಿರುಗಿ, "ಸರ, ಅವ್ರು ನಮಗ ಕೇಳ್ಲಾಕತ್ತಾರೋ, ಹೇಳ್ಲಾಕತ್ತಾರೋ?" ಎಂದರು.

ಆ ಪ್ರಶ್ನೆಯನ್ನು ನಾನು ವೈದ್ಯೆಗೆ ಅನುವಾದಿಸಲಿಲ್ಲ. ಸಭ್ಯತೆಗೆ ಹೊಂದದೆಂದೋ, ಅವರ ಮನಸ್ಸಿಗೆ ನೋವಾದೀತೆಂದೋ, ಕಾರಣ ಇಂದಿಗೂ ನನಗೆ ಸ್ಪಷ್ಟವಿಲ್ಲ. ಆನಂತರ ಈ ವಿಷಯದ ಸಾಹಿತ್ಯವನ್ನು ಓದತೊಡಗಿದಾಗ, ಸಮಾಜ ಸಂಶೋಧಕರು ಹಲವು ದಶಕಗಳಿಂದ ಬೆನ್ನಟ್ಟಿಕೊಂಡು ಬಂದದ್ದು ಬಹುಮಟ್ಟಿಗೆ ಇದೇ ಪ್ರಶ್ನೆಯನ್ನು ಎಂಬುದು ತಿಳಿಯಿತು.

ಈ ಸಂಶೋಧನೆಗೆ ಎಡೆಮಾಡಿಕೊಟ್ಟ ವೈದ್ಯಕೀಯ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. ಪ್ಯಾರಿಸ್ಸಿನ ಹೆರಿಗೆ ಆಸ್ಪತ್ರೆಯಲ್ಲಿ ಸ್ಟೆಫಾನ್ ತಾರ್ನಿಯೆ ಎಂಬ ವೈದ್ಯ ಶಿಶುಗಳನ್ನು ಬೆಚ್ಚಗಿಡುವ ಪೆಟ್ಟಿಗೆಯನ್ನು ಬಳಕೆಗೆ ತಂದದ್ದು 1880ರ ದಶಕದ ಆರಂಭದಲ್ಲಿ. ನಮ್ಮ ಜನ ಇಂದಿಗೂ 'ಗಾಜಿನ ಪೆಟ್ಟಿಗೆ' ಎಂದು ಕರೆಯುವ ಇನ್‌ಕ್ಯುಬೇಟರಿನ ಪೂರ್ವರೂಪ ಅದು. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಮಾರ್ಟಿನ್ ಕೂನಿ ಎಂಬಾತ 1903ರಿಂದ 1943ರವರೆಗೆ ಇಂಥ ಪೆಟ್ಟಿಗೆಗಳಲ್ಲಿ ಮಲಗಿಸಿದ ಶಿಶುಗಳನ್ನು ಜಾತ್ರೆಯ ಆಟಗಳ ನಡುವೆ ಪ್ರದರ್ಶನಕ್ಕಿಟ್ಟು, ನೋಡುವವರಿಂದ ಪ್ರವೇಶಧನ ಪಡೆದು, ತಂದೆತಾಯಿಗಳಿಂದ ಕಾಸನ್ನೂ ತೆಗೆದುಕೊಳ್ಳದೆ ಸಾಕಿದನು. ಆ ಕಾಲದ ಆಸ್ಪತ್ರೆಗಳಿಗೆ ಇಂಥ ಶಿಶುಗಳ ವಿಷಯದಲ್ಲಿ ಆಸಕ್ತಿ ಎಷ್ಟು ಕಡಿಮೆಯಿತ್ತು ಎಂಬುದನ್ನು ಇದರಿಂದಲೇ ಊಹಿಸಬಹುದು. 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ, ಶ್ವಾಸಕೋಶ ಪಕ್ವವಾಗದೆ ಎರಡು ದಿನಗಳಲ್ಲಿ ತೀರಿಕೊಂಡಿತು. ಎರಡು ಕಿಲೋಗಿಂತ ತುಸು ಹೆಚ್ಚೇ ತೂಗುತ್ತಿದ್ದ ಆ ಮಗುವನ್ನು ಉಳಿಸಿಕೊಳ್ಳುವ ವಿದ್ಯೆ ಆಗ ಯಾರಲ್ಲಿಯೂ ಇರಲಿಲ್ಲ. ಹತ್ತು ವರ್ಷ ಕಳೆಯುವುದರೊಳಗೆ ಚಿತ್ರ ಬದಲಾಯಿತು. ಉಸಿರಾಟದ ಯಂತ್ರಗಳು ಶಿಶುಗಳ ಅಳತೆಗೆ ಬಂದವು. ಆಧುನಿಕ ಅರ್ಥದಲ್ಲಿ ಅಮೆರಿಕದ ಮೊದಲ ಘಟಕವೆಂದು ಸಾಮಾನ್ಯವಾಗಿ ಗುರುತಿಸುವುದು ಲೂಯಿಸ್ ಗ್ಲಕ್ ಅವರು 1960ರಲ್ಲಿ ಯೇಲ್-ನ್ಯೂ ಹೇವನ್ ಆಸ್ಪತ್ರೆಯಲ್ಲಿ ತೆರೆದದ್ದನ್ನು. ಉಳಿಸುವ ಶಕ್ತಿ ಬಂದೊಡನೆ, ಎಲ್ಲರನ್ನೂ ಉಳಿಸಬೇಕೇ ಎಂಬ ಪ್ರಶ್ನೆಯೂ ಬಂದಿತು.

ಆ ಪ್ರಶ್ನೆ ಸಾರ್ವಜನಿಕವಾದದ್ದು ಒಂದು ಚಲನಚಿತ್ರದಿಂದ. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಡೌನ್ ಸಿಂಡ್ರೋಮ್ ಇದ್ದ ಶಿಶುವೊಂದಕ್ಕೆ ಕರುಳಿನ ಮಾರ್ಗ ಮುಚ್ಚಿಹೋಗಿತ್ತು. ಸಾಮಾನ್ಯ ಶಸ್ತ್ರಕ್ರಿಯೆಯಿಂದ ಸರಿಪಡಿಸಬಹುದಾದ ತೊಂದರೆ ಅದು. ತಂದೆತಾಯಿಗಳು ಒಪ್ಪಲಿಲ್ಲ, ಆಸ್ಪತ್ರೆ ನ್ಯಾಯಾಲಯಕ್ಕೆ ಹೋಗಲಿಲ್ಲ, ಮಗು ಆಹಾರವಿಲ್ಲದೆ ದಿನಗಳನ್ನು ಕಳೆದು ತೀರಿಕೊಂಡಿತು. ಕೆನೆಡಿ ಕುಟುಂಬದ ಪ್ರತಿಷ್ಠಾನವೇ ಈ ಪ್ರಕರಣವನ್ನು ಆಧರಿಸಿ ಚಿತ್ರ ಮಾಡಿಸಿ 1971ರಲ್ಲಿ ತೋರಿಸಿತು.

ಆದರೆ ನಮ್ಮ ದೃಷ್ಟಿಯಿಂದ ಹೆಚ್ಚು ಮಹತ್ವದ್ದು ಎರಡು ವರ್ಷಗಳ ಅನಂತರ ಬಂದ ಐದು ಪುಟಗಳ ಒಂದು ಲೇಖನ. 1973ರ ಅಕ್ಟೋಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ರೇಮಂಡ್ ಡಫ್ ಮತ್ತು ಎ. ಜಿ. ಎಂ. ಕ್ಯಾಂಪ್‌ಬೆಲ್ ಎಂಬ ಇಬ್ಬರು ಶಿಶುವೈದ್ಯರು ಅದೇ ಯೇಲ್-ನ್ಯೂ ಹೇವನ್ ಘಟಕದ ಲೆಕ್ಕವನ್ನು ಬಿಚ್ಚಿಟ್ಟರು. 1970ರ ಜನವರಿಯಿಂದ 1972ರ ಜೂನ್‌ವರೆಗೆ ಅಲ್ಲಿ ಸಂಭವಿಸಿದ ಸಾವುಗಳು 299. ಅವುಗಳಲ್ಲಿ 256 ಶಿಶುಗಳು ಸಾಧ್ಯವಿದ್ದ ಚಿಕಿತ್ಸೆಯೆಲ್ಲ ನಡೆದೂ ಸತ್ತವು. ಉಳಿದ 43 ಶಿಶುಗಳ ಸಾವು ಚಿಕಿತ್ಸೆಯನ್ನು ತಡೆಹಿಡಿದ ಅಥವಾ ನಿಲ್ಲಿಸಿದ ನಿರ್ಧಾರಕ್ಕೆ ಸಂಬಂಧಿಸಿತ್ತು. ಎಲ್ಲ ಆಸ್ಪತ್ರೆಗಳಲ್ಲೂ ನಡೆಯುತ್ತಿದ್ದ, ಯಾರೂ ಬಾಯಿಬಿಟ್ಟು ಹೇಳದಿದ್ದ ಸಂಗತಿಯನ್ನು ಅಂಕೆಯಾಗಿಸಿ ಮುದ್ರಿಸಿದ್ದೇ ಈ ಲೇಖನದ ಸಾಹಸ. ನಿರ್ಧಾರ ಕುಟುಂಬ ಮತ್ತು ವೈದ್ಯರ ನಡುವೆ ಇರತಕ್ಕದ್ದು, ಕಾನೂನು ಇದಕ್ಕೆ ಅಡ್ಡಬಂದರೆ ಕಾನೂನನ್ನೇ ಬದಲಿಸಬೇಕು ಎಂಬುದು ಅವರ ನಿಲುವು. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಡಫ್ ಕೇವಲ ವೈದ್ಯರಾಗಿರಲಿಲ್ಲ. ಐದು ವರ್ಷ ಮೊದಲು, 1968ರಲ್ಲಿ, ಸಮಾಜಶಾಸ್ತ್ರಜ್ಞ ಆಗಸ್ಟ್ ಹಾಲಿಂಗ್ಸ್‌ಹೆಡ್ ಅವರ ಜೊತೆಗೂಡಿ ಅವರು 'ಸಿಕ್‌ನೆಸ್ ಅಂಡ್ ಸೊಸೈಟಿ' ಎಂಬ ಗ್ರಂಥವನ್ನು ಪ್ರಕಟಿಸಿದ್ದರು. ಆಸ್ಪತ್ರೆಯಲ್ಲಿ ರೋಗಿಗೆ, ಅವನ ಮನೆಯವರಿಗೆ ಏನನ್ನು ತಿಳಿಸುತ್ತಾರೆ, ಏನನ್ನು ಮುಚ್ಚಿಡುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡ ಕಣ್ಣೇ ಆ 43ನ್ನು ಎಣಿಸಿತು. ವೈದ್ಯಕೀಯ ನೀತಿಯ ಚರಿತ್ರೆಯನ್ನು ಬರೆಯುವವರು ಈ ಸಂಬಂಧಕ್ಕೆ ಸಾಕಷ್ಟು ಬೆಲೆ ಕೊಟ್ಟಿಲ್ಲವೆಂದೇ ನನ್ನ ಭಾವನೆ. 1975ರಲ್ಲಿ ಡಯಾನಾ ಕ್ರೇನ್ ಎಂಬ ಸಮಾಜಶಾಸ್ತ್ರಜ್ಞೆ ವೈದ್ಯರನ್ನು ವ್ಯಾಪಕವಾಗಿ ವಿಚಾರಿಸಿ, ರೋಗಿಯು ಇತರರೊಡನೆ ಒಡನಾಡಬಲ್ಲನೇ ಎಂಬ ಲೆಕ್ಕಾಚಾರವೂ ಅವರ ನಿರ್ಧಾರಗಳಲ್ಲಿ ಸೇರಿರುತ್ತದೆ ಎಂದು ತೋರಿಸಿದರು.

ತಂದೆತಾಯಿಗಳ ಕಡೆಯಿಂದ ಬಂದ ದಾಖಲೆ ಇನ್ನೂ ವಿಶಿಷ್ಟವಾದುದು. ಪೆನ್ಸಿಲ್ವೇನಿಯಾದ ರಾಬರ್ಟ್ ಸ್ಟಿನ್ಸನ್ ಇತಿಹಾಸದ ಅಧ್ಯಾಪಕರು. ಅವರಿಗೂ ಪತ್ನಿ ಪೆಗ್ಗಿಯವರಿಗೂ 1976ರ ಡಿಸೆಂಬರಿನಲ್ಲಿ, ಗರ್ಭದ ಆರನೆಯ ತಿಂಗಳಿನಲ್ಲೇ, ಸುಮಾರು 800 ಗ್ರಾಂ ತೂಕದ ಮಗ ಹುಟ್ಟಿದನು. ಅತಿಯಾದ ಯಾಂತ್ರಿಕ ಪ್ರಯತ್ನ ಬೇಡವೆಂದು ಅವರು ಹೇಳಿದ್ದರು. ಮಗು ದೊಡ್ಡ ಆಸ್ಪತ್ರೆಗೆ ವರ್ಗವಾದ ಮೇಲೆ ಅವರ ಮಾತನ್ನು ಮೀರಿ ಅವನನ್ನು ಉಸಿರಾಟದ ಯಂತ್ರಕ್ಕೆ ಜೋಡಿಸಿದರು. ಒಂದರ ಮೇಲೊಂದು ತೊಡಕುಗಳನ್ನು ಅನುಭವಿಸಿ ಅವನು 1977ರ ಜೂನಿನಲ್ಲಿ ತೀರಿಕೊಂಡನು. ವೆಚ್ಚ ಒಂದು ಲಕ್ಷ ಡಾಲರನ್ನು ಮೀರಿತ್ತು. ಆ ತಿಂಗಳುಗಳಲ್ಲಿ ಗಂಡಹೆಂಡಿರಿಬ್ಬರೂ ಬೇರೆಬೇರೆಯಾಗಿ ದಿನಚರಿ ಬರೆಯುತ್ತಿದ್ದರು. 1983ರಲ್ಲಿ ಅವು ಒಟ್ಟಾಗಿ 'ದಿ ಲಾಂಗ್ ಡೈಯಿಂಗ್ ಆಫ್ ಬೇಬಿ ಆಂಡ್ರ್ಯೂ' ಎಂಬ ಪುಸ್ತಕವಾದವು. ಹಸ್ತಪ್ರತಿಗಳೊಡನೆ ಪರಿಚಯವಿರುವವರಿಗೆ ಇದನ್ನು ಓದುವುದು ಬೇರೆಯದೇ ಅನುಭವ. ಒಂದೇ ಘಟನೆಗೆ ಎರಡು ಕೈಬರಹಗಳು, ಅವುಗಳ ಹಿಂದೆ ಕಾಣದ ಮೂರನೆಯದಾಗಿ ಆಸ್ಪತ್ರೆಯ ಕಡತ. ತಮಗೆ ಏನನ್ನೂ ಕೇಳುತ್ತಿಲ್ಲ, ಆದುದನ್ನು ಮಾತ್ರ ತಿಳಿಸುತ್ತಿದ್ದಾರೆ ಎಂಬ ಸಂಕಟ ಅದರ ಉದ್ದಕ್ಕೂ ಹರಿದಿದೆ.

ಸ್ಟಿನ್ಸನ್ ದಂಪತಿಗಳ ಅನುಭವಕ್ಕೆ ತೀರ ವಿರುದ್ಧವಾದ ಪ್ರಕರಣ 1982ರ ಏಪ್ರಿಲಿನಲ್ಲಿ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ನಿನಲ್ಲಿ ನಡೆಯಿತು. ಡೌನ್ ಸಿಂಡ್ರೋಮ್ ಇದ್ದ, ಅನ್ನನಾಳ ಕೂಡಿಕೊಳ್ಳದ ಶಿಶುವಿಗೆ ಶಸ್ತ್ರಕ್ರಿಯೆ ಬೇಡವೆಂದು ತಂದೆತಾಯಿಗಳು ನಿರ್ಧರಿಸಿದರು. ರಾಜ್ಯದ ನ್ಯಾಯಾಲಯಗಳು ಮಧ್ಯೆ ಪ್ರವೇಶಿಸಲಿಲ್ಲ. ಆರು ದಿನಗಳ ಆ ಶಿಶುವಿಗೆ ಕಾನೂನಿನ ಕಡತಗಳಲ್ಲಿ ಇರುವ ಹೆಸರು 'ಬೇಬಿ ಡೋ' ಎಂಬುದಷ್ಟೇ. ರೀಗನ್ ಸರ್ಕಾರ 1983ರ ಮಾರ್ಚಿನಲ್ಲಿ, ಇಂಥ ಶಿಶುಗಳಿಗೆ ಆಹಾರ ಚಿಕಿತ್ಸೆಗಳನ್ನು ನಿರಾಕರಿಸುವುದು ಕಂಡರೆ ದೂರು ಕೊಡಬೇಕೆಂಬ ಸೂಚನೆಯನ್ನೂ ಉಚಿತ ದೂರವಾಣಿ ಸಂಖ್ಯೆಯನ್ನೂ ಘಟಕಗಳ ಗೋಡೆಗೆ ಅಂಟಿಸಲು ಆಜ್ಞಾಪಿಸಿತು. ಮರುತಿಂಗಳೇ ನ್ಯಾಯಾಲಯ ಅದನ್ನು ರದ್ದುಮಾಡಿತು. 1984ರಲ್ಲಿ ಮಕ್ಕಳ ಮೇಲಿನ ದೌರ್ಜನ್ಯ ಕಾನೂನಿನ ತಿದ್ದುಪಡಿ, 1986ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು, ಹೀಗೆ ಈ ಕಥೆ ಬೆಳೆಯುತ್ತದೆ. ಅದರ ವಿವರ ಅನ್ಯತ್ರ ಧಾರಾಳವಾಗಿ ಸಿಗುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ವಾದ ಪ್ರತಿವಾದಗಳೆಲ್ಲವೂ ಒಂದು ಸಂಗತಿಯನ್ನು ಗೃಹೀತ ಹಿಡಿದಿದ್ದವು ಎಂಬುದು ಮಾತ್ರ ನಮಗೆ ಮುಖ್ಯ: ನಿರ್ಧಾರವೆಂಬುದು ಒಂದು ಕ್ಷಣದಲ್ಲಿ, ಒಬ್ಬ ನಿರ್ದಿಷ್ಟ ವ್ಯಕ್ತಿಯಿಂದ ಆಗುವಂಥದು.

ಕನ್ನಡದಲ್ಲಿ ಇಂಥ ಇಕ್ಕಟ್ಟಿಗೆ ನಾವು ಬಳಸುವ ಮಾತು 'ಧರ್ಮಸಂಕಟ'. ಈ ಮಾತಿನ ಹಿಂದೆ ಒಂದು ಕಾವ್ಯಪರಂಪರೆಯೇ ಇದೆ. ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣನಿಂದ ತನ್ನ ಹುಟ್ಟಿನ ರಹಸ್ಯವನ್ನು ತಿಳಿದ ಕರ್ಣನ ಎದುರಿನ ಆಯ್ಕೆ ಎಷ್ಟು ಘೋರವಾದುದೇ ಆಗಲಿ, ಆಯ್ಕೆ ಮಾಡಬೇಕಾದವನು ಕರ್ಣನೇ ಎಂಬುದರಲ್ಲಿ ಸಂದೇಹವಿಲ್ಲ. ನೀತಿಶಾಸ್ತ್ರದ ಪ್ರಬಂಧಗಳಲ್ಲಿಯೂ ಇಂಥ ಒಬ್ಬ ಕರ್ಣ ಇದ್ದೇ ಇರುತ್ತಾನೆ. ಘಟಕದೊಳಕ್ಕೆ ಹೋಗಿ ನಿಂತ ಸಂಶೋಧಕರಿಗೆ ಆ ಕರ್ಣ ಸಿಗಲಿಲ್ಲ.

ಈ ಮಾತಿಗೆ ಪ್ರಬಲವಾದ ಆಧಾರ ರೆನೀ ಆನ್‌ಸ್ಪಾಕ್ ಅವರ ಕೃತಿಗಳಲ್ಲಿದೆ. ಜೀನ್ ಗಿಲ್ಮನ್ ಮತ್ತು ಲಿಂಡಾ ಹೋಮ್‌ಸ್ಟ್ರಮ್ ಅವರ 1986ರ ಅಧ್ಯಯನ, ಒಮ್ಮೆ ಆರಂಭವಾದ ಚಿಕಿತ್ಸೆ ತನ್ನದೇ ವೇಗದಲ್ಲಿ ಮುಂದಕ್ಕೆ ಸಾಗುವುದನ್ನು ಅದಾಗಲೇ ವಿವರಿಸಿತ್ತು. ಆನ್‌ಸ್ಪಾಕ್ ಎರಡು ಘಟಕಗಳಲ್ಲಿ 16 ತಿಂಗಳ ಕ್ಷೇತ್ರಕಾರ್ಯ ನಡೆಸಿದರು. ಅದರ ಫಲವಾಗಿ 1987 ಮತ್ತು 1988ರಲ್ಲಿ ಎರಡು ಪ್ರಬಂಧಗಳೂ 1993ರಲ್ಲಿ 'ಡಿಸೈಡಿಂಗ್ ಹೂ ಲಿವ್ಸ್' ಎಂಬ ಗ್ರಂಥವೂ ಹೊರಬಂದವು. ಒಂದೇ ಶಿಶುವಿನ ಭವಿಷ್ಯದ ಬಗ್ಗೆ ವೈದ್ಯರ ಅಂದಾಜೂ ದಾದಿಯರ ಅಂದಾಜೂ ಪದೇ ಪದೇ ಭಿನ್ನವಾಗಿರುವುದನ್ನು ಅವರು ಕಂಡರು. ಇದಕ್ಕೆ ಕಾರಣವನ್ನು ಅವರು ಹುಡುಕಿದ್ದು ಕರುಣೆಯ ಹೆಚ್ಚುಕಡಿಮೆಯಲ್ಲಲ್ಲ, ಕೆಲಸದ ವ್ಯವಸ್ಥೆಯಲ್ಲಿ. ಕೆಲವು ವಾರಗಳ ಪಾಳಿಯ ಮೇಲೆ ಬಂದುಹೋಗುವ ವೈದ್ಯನಿಗೆ ಮಗುವೆಂದರೆ ರಕ್ತಪರೀಕ್ಷೆ, ಎಕ್ಸ್‌ರೇ, ಯಂತ್ರದ ಅಂಕೆ. ಎಂಟು ಗಂಟೆ ಪಕ್ಕದಲ್ಲಿರುವ ದಾದಿಗೆ ಮಗುವೆಂದರೆ ಕಣ್ಣು ತೆರೆಯುವುದು, ಮುಟ್ಟಿದರೆ ಬೆಚ್ಚುವುದು, ಎತ್ತಿಕೊಂಡರೆ ಸುಮ್ಮನಾಗುವುದು. ಗ್ರಂಥಸಂಪಾದನೆಯ ಭಾಷೆಯಲ್ಲಿ ಹೇಳುವುದಾದರೆ ಇವು ಒಂದೇ ಕೃತಿಯ ಎರಡು ಪಾಠಗಳು. ಸಭೆಯಲ್ಲಿ ಒಂದು ಪಾಠ ಮೂಲದಲ್ಲಿ ಸ್ಥಾನ ಪಡೆಯುತ್ತದೆ, ಇನ್ನೊಂದು ಅಡಿಟಿಪ್ಪಣಿಗೂ ಬರುವುದಿಲ್ಲ. ತಂದೆತಾಯಿಗಳನ್ನು ಕರೆಯುವ ಹೊತ್ತಿಗೆ ವೈದ್ಯರೊಳಗೆ ಒಮ್ಮತ ಮೂಡಿರುತ್ತದೆ. ಆಮೇಲಿನ ಸಂಭಾಷಣೆ ಸಮ್ಮತಿಯನ್ನು ಉತ್ಪಾದಿಸುವ ಕೆಲಸ. ಒಪ್ಪದ ತಂದೆತಾಯಿಗಳ ಮಾತು ವಾದವಾಗಿ ಅಲ್ಲ, ದುಃಖದ ಲಕ್ಷಣವಾಗಿ ಪರಿಗಣಿತವಾಗುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಅವರ 1988ರ ಪ್ರಬಂಧ ವಿಶೇಷವಾಗಿ ಉಪಯುಕ್ತ. ಕಿರಿಯ ವೈದ್ಯರು ರೋಗಿಯ ವೃತ್ತಾಂತವನ್ನು ಹಿರಿಯರ ಮುಂದೆ ಒಪ್ಪಿಸುವ ಭಾಷೆಯ ವ್ಯಾಕರಣ ಅದರ ವಸ್ತು. ಅಲ್ಲಿ ಕರ್ತೃವಿಲ್ಲದ ಕರ್ಮಣಿ ಪ್ರಯೋಗ ಹೆಚ್ಚು: ನಳಿಕೆ ಹಾಕಲಾಯಿತು, ಔಷಧ ನಿಲ್ಲಿಸಲಾಯಿತು. ಯಂತ್ರವೇ ಕರ್ತೃವಾಗುವುದುಂಟು: ಸ್ಕ್ಯಾನ್ ತೋರಿಸಿತು. ವೈದ್ಯ ಕಂಡದ್ದು 'ಕಂಡುಬಂದಿದೆ' ಎಂದಾಗುತ್ತದೆ. ತಾಯಿ ಕಂಡದ್ದು 'ತಾಯಿ ಹೇಳುತ್ತಾರೆ' ಎಂದಾಗುತ್ತದೆ. ನಮ್ಮ ಆಡುಮಾತಿನಲ್ಲಿ ಕರ್ಮಣಿ ಪ್ರಯೋಗ ತೀರ ವಿರಳ. 'ಆಗಲಾಯಿತು, ಮಾಡಲಾಯಿತು'ಗಳು ಕಚೇರಿ ಮತ್ತು ವೃತ್ತಪತ್ರಿಕೆಗಳ ಕೊಡುಗೆ. ಹೈದರಾಬಾದಿನಲ್ಲಿ ವೈದ್ಯೆಯ ವಾಕ್ಯಗಳನ್ನು ನಾನು ಕನ್ನಡಿಸುವಾಗ ಎಲ್ಲ ಕಡೆಯೂ ಒಬ್ಬ ಕರ್ತೃವನ್ನು ಹುಡುಕಬೇಕಾಗಿತ್ತು. ಯಂತ್ರ ತೆಗೆಯುವವರು ಯಾರು? 'ತೆಗೀತಾರ' ಎಂದರೆ ವೈದ್ಯರು, 'ತೆಗಸ್ತೀರಿ' ಎಂದರೆ ನೀವು. ಇಂಗ್ಲಿಷಿನಲ್ಲಿ ಮರೆಯಾಗಬಲ್ಲ ಹೊಣೆ ಕನ್ನಡದ ಕ್ರಿಯಾಪದದ ತುದಿಯಲ್ಲಿ ಬಂದು ಕೂರುತ್ತದೆ. ನಾನು ಎರಡನೆಯದನ್ನು ಬಳಸಿದೆನೆಂದು ನೆನಪು.

ಕೇಳುವುದೇ ಸರಿ, ಹೇಳುವುದು ತಪ್ಪು ಎಂದು ಇದರಿಂದ ತೀರ್ಮಾನಿಸುವುದು ಸುಲಭ. ಫ್ರಾನ್ಸ್ ಮತ್ತು ಅಮೆರಿಕಗಳ ಘಟಕಗಳನ್ನು ಹೋಲಿಸಿ ಕ್ರಿಸ್ಟಿನಾ ಓರ್ಫಾಲಿ 2004ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ಸುಲಭ ತೀರ್ಮಾನವನ್ನು ಕದಡುತ್ತವೆ. ಯಂತ್ರ, ಔಷಧಗಳು ಎರಡೂ ಕಡೆ ಒಂದೇ. ಅಮೆರಿಕದಲ್ಲಿ ಸಿದ್ಧಾಂತದ ಪ್ರಕಾರ ತಂದೆತಾಯಿಗಳೇ ನಿರ್ಧರಿಸುವವರು. ಅವರು ಅಧ್ಯಯನ ನಡೆಸಿದ ಕಾಲದ ಫ್ರಾನ್ಸಿನಲ್ಲಿ ವೈದ್ಯರ ತಂಡ ನಿರ್ಧರಿಸಿ, ತಂದೆತಾಯಿಗಳಿಗೆ ತಿಳಿಸುತ್ತಿತ್ತು. ಮಗುವಿನ ಸಾವಿಗೆ ತಾವೇ ಹೂಂ ಎಂದೆವೆಂಬ ಪಾಪಪ್ರಜ್ಞೆ ಜೀವಮಾನವಿಡೀ ಕಾಡಬಾರದೆಂಬುದು ಅಲ್ಲಿಯ ವೈದ್ಯರ ಸಮರ್ಥನೆ. ವಾಸ್ತವದಲ್ಲಿ ಎರಡೂ ಕಡೆ ಮಾಹಿತಿಯ ಕೀಲಿಕೈ ವೈದ್ಯರಲ್ಲೇ ಇತ್ತು ಎಂದು ಓರ್ಫಾಲಿ ಕಂಡುಕೊಂಡರು. ಅದಕ್ಕಿಂತ ಅಚ್ಚರಿಯ ಸಂಗತಿಯೆಂದರೆ, ದುಃಖವನ್ನು ಅರಗಿಸಿಕೊಳ್ಳುವುದು ಸ್ವಾತಂತ್ರ್ಯ ಪಡೆದ ಅಮೆರಿಕನ್ ತಾಯಂದಿರಿಗಿಂತ ಫ್ರೆಂಚ್ ತಾಯಂದಿರಿಗೆ ಕಡಿಮೆ ಕಷ್ಟವಾಗಿದ್ದಂತೆ ಕಂಡದ್ದು. ನನಗೆ ಇದು ಒಪ್ಪಿತವಾಗುವುದಿಲ್ಲ, ಆದರೆ ತಳ್ಳಿಹಾಕುವುದಕ್ಕೂ ಧೈರ್ಯವಿಲ್ಲ. 2000ದಲ್ಲಿ ಪ್ರಕಟವಾದ ಯೂರೋನಿಕ್ ಎಂಬ ಬಹುರಾಷ್ಟ್ರೀಯ ಸಮೀಕ್ಷೆ ಯೂರೋಪಿನ ಶಿಶುವೈದ್ಯರ ಧೋರಣೆಗಳನ್ನು ಅಳೆದು ನೋಡಿದಾಗಲೂ, ವೈದ್ಯರ ವಯಸ್ಸು, ಅನುಭವಗಳಿಗಿಂತ ಅವರು ಯಾವ ದೇಶದವರು ಎಂಬುದೇ ಹೆಚ್ಚು ನಿರ್ಣಾಯಕವೆಂದು ಕಂಡಿತ್ತು.

ಭಾರತದ ಮಟ್ಟಿಗೆ ಇಂಥ ಸಂಶೋಧನೆ ತಡವಾಗಿ ಬಂದಿತು. 2006ರಲ್ಲಿ ನಾರ್ವೆಯ ಇಂಗ್ರಿಡ್ ಮಿಲ್ಯೆಟೈಗ್ ಮತ್ತು ಓಲೆ ನೂರ್‌ಹೈಮ್, ಭಾರತದ ಎರಡು ಸರ್ಕಾರಿ ಘಟಕಗಳ 14 ವೈದ್ಯರೊಡನೆ ನಡೆಸಿದ ಸಂದರ್ಶನಗಳನ್ನು ಪ್ರಕಟಿಸಿದರು. ಸಂಖ್ಯೆ ಚಿಕ್ಕದಾದರೂ ಧ್ವನಿ ಬೇರೆಯೇ ಆಗಿದೆ. ಚಿಕಿತ್ಸೆ ನಿಲ್ಲಿಸುವ ಪ್ರಶ್ನೆಯೇ ತಮ್ಮ ಕೆಲಸದ ಅತ್ಯಂತ ಕಠಿಣ ಭಾಗವೆಂದು ಆ ವೈದ್ಯರೆಲ್ಲರೂ ಹೇಳಿದರು. ಅದಕ್ಕೆ ತಕ್ಕ ತರಬೇತಿ ತಮಗೆ ಸಿಕ್ಕಿಲ್ಲವೆಂದೂ ಹೇಳಿದರು. ಅವರ ಲೆಕ್ಕದಲ್ಲಿ ತೊಟ್ಟಿಲಿನ ಮಗುವೊಂದೇ ಇರಲಿಲ್ಲ. ಅದರ ಅಣ್ಣ ಅಕ್ಕಂದಿರ ಶಾಲೆ, ಊಟ, ಕುಟುಂಬದ ಸಾಲ, ಊರಿನಲ್ಲಿ ಅದರ ಮಾನ, ಅಂಗವೈಕಲ್ಯವುಳ್ಳ ಮಗುವನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬ ಭಯ, ಇವೆಲ್ಲ ಇದ್ದವು. ಪಶ್ಚಿಮದ ನೀತಿಸೂತ್ರಗಳಲ್ಲಿ ಇವಕ್ಕೆ ಸ್ಥಾನವಿಲ್ಲ. 'ಪ್ರೆಷಸ್ ಬೇಬಿ' ಎಂಬ ಮಾತೂ ಅಲ್ಲಿ ಬರುತ್ತದೆ. ಬಹುಕಾಲ ಕಾದು ಪಡೆದ ಮಗುವಿಗೆ ನಮ್ಮ ಆಸ್ಪತ್ರೆಗಳಲ್ಲಿ ಹೇಳುವ ಮಾತು ಅದು. ಒಂದು ಮಗುವನ್ನು ಅಮೂಲ್ಯವೆಂದು ಗುರುತಿಸಿದೊಡನೆ ಪಕ್ಕದ ತೊಟ್ಟಿಲಿನ ಮಗುವಿನ ಬೆಲೆಯನ್ನೂ ಹೇಳಿದಂತಾಗುತ್ತದೆ. ನಮ್ಮ ಸರ್ಕಾರಿ ಘಟಕಗಳಲ್ಲಿ ದಾಖಲಾಗುವ ಶಿಶುಗಳ ಪೈಕಿ ಹೆಣ್ಣುಮಕ್ಕಳ ಸಂಖ್ಯೆ ಗಂಡುಮಕ್ಕಳಿಗಿಂತ ಕಡಿಮೆ ಇರುವುದನ್ನು ಇದರೊಡನೆ ಇಟ್ಟು ನೋಡಬೇಕು.

2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ನವಜಾತ ಶಿಶುವಿನ ಚಿಕಿತ್ಸೆ ಉಚಿತವಾಯಿತು. ಜಿಲ್ಲಾ ಮಟ್ಟದಲ್ಲಿ ವಿಶೇಷ ನವಜಾತ ಶಿಶು ಆರೈಕೆ ಘಟಕಗಳು ಬಂದವು. ಇದು ಸಣ್ಣ ಸಾಧನೆಯಲ್ಲ. ಆದರೆ ಹಾಸಿಗೆ ಸಿಗದೆ, ದಾರಿ ತಿಳಿಯದೆ ಖಾಸಗಿ ಆಸ್ಪತ್ರೆಗೆ ಹೋದವರಿಗೆ ಯಂತ್ರದ ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತದೆ. ವಲಸೆ ಬಂದವರ ಕಷ್ಟ ಇನ್ನೂ ಹೆಚ್ಚು. ಪರಭಾಷೆಯ ನಗರದಲ್ಲಿ ದಾರಿ ಕೇಳುವುದಕ್ಕೂ ಇನ್ನೊಬ್ಬರ ನಾಲಗೆ ಬೇಕು. ಅಮೆರಿಕದಲ್ಲಿ ನ್ಯಾಯಾಲಯದವರೆಗೆ ಹೋದ ಪ್ರಶ್ನೆ ನಮ್ಮಲ್ಲಿ ಬಹಳಷ್ಟು ಸಲ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಆಸ್ಪತ್ರೆಯ ಮಾತಿನಲ್ಲಿ ಅದರ ಹೆಸರು 'ಲಾಮಾ'. ವೈದ್ಯರ ಸಲಹೆಗೆ ವಿರುದ್ಧವಾಗಿ ರೋಗಿಯನ್ನು ಕರೆದೊಯ್ಯುತ್ತಿದ್ದೇವೆ ಎಂಬ ಹೇಳಿಕೆ. ಈ ಹಾಳೆಯಲ್ಲಿ ವೈದ್ಯರು ನಿಲ್ಲಿಸಿದ್ದೂ, ಹಣ ಮುಗಿದದ್ದೂ, ಮನೆಯವರು ಸೋತದ್ದೂ ಒಂದೇ ವಾಕ್ಯವಾಗುತ್ತದೆ. ಮುಂದಿನ ಸಂಶೋಧಕರು ಎಣಿಸಬೇಕಾದ ನಮ್ಮ 43 ಇಂಥ ಹಾಳೆಗಳ ಕಟ್ಟಿನಲ್ಲಿದೆ.

ಹೈದರಾಬಾದಿನ ಆ ಮಗುವಿನ ತಾಯಿ ಹೆರಿಗೆ ವಾರ್ಡಿನಲ್ಲಿ, ಎರಡು ಮಹಡಿ ಕೆಳಗಿದ್ದರು. ಅವರನ್ನು ಕರೆಸಬೇಕೆಂದು ವೈದ್ಯೆಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ತಂದೆ ತಮ್ಮ ಊರಿಗೆ ಮೊಬೈಲಿನಲ್ಲಿ ಮಾತಾಡಿ ಬಂದು, ಹಾಳೆಯನ್ನು ನನ್ನ ಕೈಗೆ ಕೊಟ್ಟು, ಓದಿ ಹೇಳಿರೆಂದರು. ಅದು ಇಂಗ್ಲಿಷಿನಲ್ಲಿತ್ತು. ಕಾರಣವೆಂಬ ಜಾಗದಲ್ಲಿ ಸ್ವಂತ ಇಚ್ಛೆಯಿಂದ ಎಂಬ ಅರ್ಥದ ಮಾತನ್ನು ಯಾರೋ ಮೊದಲೇ ತುಂಬಿದ್ದರು. ಓದಿ ಹೇಳಿದೆ. ಅವರು ನಿಧಾನವಾಗಿ, ಕನ್ನಡದಲ್ಲಿ, ಹೆಸರು ಬರೆದರು. ಅದರ ಕೆಳಗೆ, ಮೇಲಿನದೆಲ್ಲವನ್ನೂ ಪೋಷಕರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ ಎಂಬ ಸಾಲಿನ ಮುಂದೆ, ಸಾಕ್ಷಿಯ ಜಾಗದಲ್ಲಿ, ನನ್ನ ರುಜು ಇದೆ.